ಅಡವಿಟ್ಟ ಮನೆಗೆ ನೋಟೀಸು ಬಂದಾಗ

ಬೀಜ, ಗೊಬ್ಬರ, ಬದು, ಕೃಷಿಹೊಂಡದ ವಿಷಯ ಬರೆಯುವುದಕ್ಕೆ ನಮಗೆ ಸಂಕೋಚ ಇಲ್ಲ. ಸಾಲದ ವಿಷಯ ಬಂತು ಅಂದರೆ ಪೆನ್ನು ನಿಲ್ತದೆ. ಆದರೆ ಈಗ ನಮ್ಮ ಎರೆ ಸೀಮೆಯ ಹಳ್ಳಿಗಳಲ್ಲಿ ಹೊಲದ ಮೇಲಷ್ಟೇ ಅಲ್ಲ, ಮನೆಯ ಮೇಲೂ ಸಾಲ ಕೂತಿದೆ. ಮಗಳ ಮದುವೆ, ಬೋರು ಹಾಕಿಸಿದ್ದು, ಮಗನ ಕಾಲೇಜಿನ ಫೀ, ಹಳೇ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕಿಸಿದ್ದು, ಕಾರಣ ಯಾವುದೇ ಇರಲಿ, ಮನೆಯ ಉತಾರ ಬ್ಯಾಂಕಿನಲ್ಲೋ ಫೈನಾನ್ಸಿನಲ್ಲೋ ಇರ್ತದೆ. ಎರಡು ವರ್ಷ ಹಿಂಗಾರಿ ಕೈಕೊಟ್ಟರೆ ನೋಟೀಸು ಬರ್ತದೆ. ನೋಟೀಸಿನ ಬೆನ್ನ ಹಿಂದೆಯೇ "ಚಿಂತಿ ಬಿಡ್ರಿ ಯಜಮಾನ್ರ, ನಾ ಬಿಡಿಸಿ ಕೊಡ್ತೀನಿ" ಅನ್ನುವವನೂ ಬರ್ತಾನೆ.

ನಾನು ಏಳನೇ ಇಯತ್ತೆ ಓದಿದವನು, ವಕೀಲನಲ್ಲ. ನಮ್ಮ ಓಣಿಯಲ್ಲಿ ಮೂರು ಮನೆಗಳಿಗೆ ಇಂಥ ನೋಟೀಸು ಬಂದಾಗ ಅವರ ಜೊತೆ ಬ್ಯಾಂಕಿಗೂ ತಾಲೂಕು ಕಾನೂನು ಸೇವಾ ಸಮಿತಿಗೂ ಓಡಾಡಿದೆ. ಅಲ್ಲಿ ಕೇಳಿ ಬರೆದುಕೊಂಡದ್ದನ್ನು ಇಲ್ಲಿ ಕೊಡುತ್ತಿದ್ದೇನೆ. ನಾನು ಕಂಡ ಮಟ್ಟಿಗೆ ಬ್ಯಾಂಕಿನ ಲಿಲಾವಿಗಿಂತ, ಬಿಡಿಸಿಕೊಡಲು ಬಂದವನ ಕೈಯಲ್ಲೇ ಮನೆ ಹೋಗುವುದು ಹೆಚ್ಚು. ಅದು ಹೇಗೆ ಅಂತ ತಿಳೀಬೇಕಾದರೆ ಮೊದಲು ಬ್ಯಾಂಕು ಏನು ಮಾಡಬಹುದು, ಎಷ್ಟು ದಿನದಲ್ಲಿ ಮಾಡಬಹುದು ಅನ್ನುವುದು ಗೊತ್ತಿರಬೇಕು.

ಹೊಲ ಬೇರೆ, ಮನೆ ಬೇರೆ

"ರೈತನ ಆಸ್ತಿ ಲಿಲಾವು ಮಾಡೋಕೆ ಬರೋದಿಲ್ಲ" ಅಂತ ಕಟ್ಟೆ ಮೇಲೆ ಕೂತವರು ಹೇಳ್ತಾರೆ. ಇದು ಅರ್ಧ ಮಾತ್ರ ನಿಜ. ಬ್ಯಾಂಕುಗಳು ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿ ವಶಮಾಡಿಕೊಂಡು ಮಾರುವುದಕ್ಕೆ 2002ರಲ್ಲಿ ಸರ್ಫೇಸಿ ಅನ್ನುವ ಕಾಯ್ದೆ ಬಂತು. ಆ ಕಾಯ್ದೆಯ 31ನೇ ಕಲಮಿನ ಪ್ರಕಾರ ಕೃಷಿ ಭೂಮಿಗೆ ಅದು ತಗಲುವುದಿಲ್ಲ. ಒಂದು ಲಕ್ಷ ರೂಪಾಯಿ ಮೀರದ ಸಾಲದ ಅಡವಿಗೂ ತಗಲುವುದಿಲ್ಲ. ಸಾಲ ಬಹುತೇಕ ತೀರಿ, ಬಾಕಿ ಅಸಲು ಬಡ್ಡಿಯ ನೂರಕ್ಕೆ 20ಕ್ಕಿಂತ ಕಡಿಮೆ ಇದ್ದರೂ ತಗಲುವುದಿಲ್ಲ. ಆದರೆ ಊರೊಳಗಿನ ಮನೆ, ಖುಲ್ಲಾ ಜಾಗ, ಅಂಗಡಿ, ಎನ್‌ಎ ಆದ ಪ್ಲಾಟು, ಇವೆಲ್ಲಕ್ಕೂ ಅದು ಪೂರ್ತಿ ತಗಲುತ್ತದೆ. ಮನೆ ಯಜಮಾನ ರೈತನೋ ಮಾಸ್ತರನೋ ಅಂತ ಅದು ನೋಡುವುದಿಲ್ಲ.

ಹೊಲಕ್ಕೆ ಸರ್ಫೇಸಿ ಇಲ್ಲ ಅಂದಮಾತ್ರಕ್ಕೆ ಹೊಲ ಪೂರಾ ಪಾರು ಅಂತಲೂ ಅಲ್ಲ. ಬ್ಯಾಂಕು ಸಿವಿಲ್ ಕೋರ್ಟಿಗೆ ಹೋಗಿ ಡಿಕ್ರಿ ತರಬಹುದು. ಸಹಕಾರಿ ಸಂಘ, ಪಿಎಲ್‌ಡಿ ಬ್ಯಾಂಕುಗಳಿಗೆ ಸಹಕಾರ ಕಾಯ್ದೆಯಲ್ಲಿ ಅವರದೇ ವಸೂಲಿ ದಾರಿ ಇದೆ. ಇನ್ನೊಂದು, ಉತಾರದಲ್ಲಿ ಕೃಷಿ ಭೂಮಿ ಅಂತ ಬರೆದಿದ್ದರಷ್ಟೇ ಸಾಲದು, ಭೂಮಿ ನಿಜಕ್ಕೂ ಕೃಷಿಗೆ ಇರಬೇಕು ಎಂಬ ಅರ್ಥದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಹೊಲದಲ್ಲಿ ಶೆಡ್ಡು ಹಾಕಿ ವ್ಯಾಪಾರ ಮಾಡುವವರು ಇದನ್ನು ಗಮನಿಸಬೇಕು.

ನಮ್ಮವರಿಗೆ ಗೊತ್ತಿಲ್ಲದ ಒಂದು ರಕ್ಷಣೆ ಹೇಳ್ತೀನಿ. ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಕಲಮಿನಲ್ಲಿ, ರೈತ ತಾನೇ ವಾಸವಿರುವ ಮನೆಯನ್ನೂ, ನೇಗಿಲು ಕೂರಿಗೆಯಂಥ ಒಕ್ಕಲುತನದ ಸಾಮಾನನ್ನೂ, ಒಕ್ಕಲುತನಕ್ಕೆ ಬೇಕಾದ ಎತ್ತು, ಬೀಜದ ಕಾಳನ್ನೂ ಬರೀ ಹಣದ ಡಿಕ್ರಿಗೆ ಜಪ್ತಿ ಮಾಡಲು ಬರುವುದಿಲ್ಲ ಅಂತ ಇದೆ. ಅಂದರೆ ಕೈಗಡ ತಂದು ಪ್ರಾಮಿಸರಿ ನೋಟು ಬರೆದುಕೊಟ್ಟವನ ಮನೆ ಸುಲಭಕ್ಕೆ ಹೋಗುವುದಿಲ್ಲ. ಆದರೆ ಅದೇ ಮನೆಯನ್ನು ಅವನೇ ಕೈಯಾರ ಅಡವಿಟ್ಟರೆ, ಆ ಅಡವಿನ ಸಾಲಕ್ಕೆ ಈ ರಕ್ಷಣೆ ಸಿಗುವುದಿಲ್ಲ. ಹಾಗಾಗಿ ಮದುವೆ ಖರ್ಚಿಗೆ ಮನೆ ಉತಾರ ಒಯ್ಯುವ ಮುಂಚೆ ನಾಲ್ಕು ಸಲ ವಿಚಾರ ಮಾಡ್ಬೇಕು. ಬಂಗಾರ ಇಟ್ಟು ತಂದ ಸಾಲಕ್ಕೆ ಬಂಗಾರ ಹೋಗ್ತದೆ, ಸೂರು ಉಳೀತದೆ.

ದಿನಗಳ ಲೆಕ್ಕ

ಈಗ ನೋಟೀಸಿಗೆ ಬರೋಣ. ಮನೆ ಸಾಲದ ಕಂತು 90 ದಿನ ದಾಟಿ ಬಾಕಿ ಉಳಿದರೆ ಬ್ಯಾಂಕು ಆ ಖಾತೆಯನ್ನು ಎನ್‌ಪಿಎ ಅಂತ ಬರೆದುಕೊಳ್ಳುತ್ತದೆ. ಬೆಳೆ ಸಾಲದ ರೀತಿ ಬೇರೆ, ಅದಕ್ಕೆ ಸುಗ್ಗಿಯ ಲೆಕ್ಕ ಇದೆ. ಬೇಗ ಬರುವ ಬೆಳೆಗಳಿಗೆ ಎರಡು ಹಂಗಾಮು ಕಾಯ್ತಾರೆ. ಮನೆ ಸಾಲಕ್ಕೆ ತಿಂಗಳ ಲೆಕ್ಕ. ನಮಗೆ ದುಡ್ಡು ಬರೋದು ವರ್ಷಕ್ಕೆ ಒಮ್ಮೆ, ಕಡಲೆ ಜೋಳ ಮಾರಿದಾಗ. ಒಣಬೇಸಾಯದವರಿಗೆ ಕುತ್ತಿಗೆಗೆ ಬರುವುದು ಇಲ್ಲಿಯೇ.

ಎನ್‌ಪಿಎ ಆದ ಮೇಲೆ 13(2) ಎಂಬ ನೋಟೀಸು ಬರುತ್ತದೆ. ಅದರಲ್ಲಿ ಪೂರ್ತಿ ಸಾಲ ಕಟ್ಟಲು 60 ದಿನ ಕೊಟ್ಟಿರ್ತಾರೆ. ಗಾಬರಿ ಬೀಳಬೇಡಿ, ಇದು ಮನೆ ಖಾಲಿ ಮಾಡಿ ಅನ್ನುವ ನೋಟೀಸು ಅಲ್ಲ. ನೀವು ಲಿಖಿತವಾಗಿ ತಕರಾರು ಅಥವಾ ಕೋರಿಕೆ ಕೊಟ್ಟರೆ ಬ್ಯಾಂಕು ಒಪ್ಪದೇ ಇದ್ದರೂ 15 ದಿನದಲ್ಲಿ ಕಾರಣ ಹೇಳಿ ಉತ್ತರ ಕೊಡಲೇಬೇಕು. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಉತ್ತರ ಕೊಡಬೇಕೆಂಬ ಕಾನೂನು ಇಲ್ಲ. ಆದ್ದರಿಂದ ಬರೆದು ಕೊಡಿ, ನಕಲಿನ ಮೇಲೆ ಬ್ಯಾಂಕಿನ ಸಿಕ್ಕಾ, ತಾರೀಖು ಹಾಕಿಸಿಕೊಳ್ಳಿ.

60 ದಿನ ಕಳೆದರೆ 13(4) ಪ್ರಕಾರ ಕಬ್ಜಾ ನೋಟೀಸು. ಅದನ್ನು ಮನೆ ಬಾಗಿಲಿಗೆ ಅಂಟಿಸುತ್ತಾರೆ, ಎರಡು ಪೇಪರಿನಲ್ಲಿ ಹಾಕಿಸುತ್ತಾರೆ. ಸಾಮಾನ್ಯವಾಗಿ ಇದು ಕಾಗದದ ಮೇಲಿನ ಕಬ್ಜಾ. ನಿಮ್ಮನ್ನು ಹೊರಗೆ ಹಾಕಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅಥವಾ ಚೀಫ್ ಜುಡಿಷಿಯಲ್ ಮ್ಯಾಜಿಸ್ಟ್ರೇಟರ ಆದೇಶ ತರುತ್ತಾರೆ. ಬ್ಯಾಂಕಿನ ಕ್ರಮ ತಪ್ಪು ಅಂತ ಕಂಡರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಅರ್ಜಿ ಹಾಕಬಹುದು. ಅದಕ್ಕೆ ವಕೀಲರು ಬೇಕು, ಖರ್ಚು ಇದೆ. ಕೊನೆಗೆ ಲಿಲಾವಿಗೆ ಮುಂಚೆ 30 ದಿನದ ಮಾರಾಟ ನೋಟೀಸು.

ಕೂಡಿಸಿ ನೋಡಿ. 90, 60, 30. ಕಂತು ತಪ್ಪಿದ ದಿನದಿಂದ ಕಡಿಮೆ ಅಂದರೂ ಆರು ತಿಂಗಳು. ಒಂದು ಕಡಲೆ ಬೆಳೆ ಬಿತ್ತಿ ರಾಶಿ ಮಾಡುವಷ್ಟು ಕಾಲ, ಇನ್ನೂ ಮಿಕ್ಕುತ್ತದೆ. ಆದರೆ ಒಂದು ಬದಲಾವಣೆ ನೆನಪಿರಲಿ. 2016ಕ್ಕೆ ಮುಂಚೆ ಲಿಲಾವು ಮುಗಿಯುವ ಗಳಿಗೆವರೆಗೂ ದುಡ್ಡು ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಇತ್ತು. 2016ರ ತಿದ್ದುಪಡಿ ಆದ ಮೇಲೆ, ಲಿಲಾವಿನ ಪ್ರಕಟಣೆ ಪೇಪರಿನಲ್ಲಿ ಬರುವ ಮುಂಚೆಯೇ ಕಟ್ಟಬೇಕು. "ಲಿಲಾವಿನ ದಿನ ನೋಡ್ಕೊಂಡ್ರಾಯ್ತು" ಅನ್ನುವ ಹಳೇ ಮಾತು ಈಗ ನಡೆಯದು.

ಬ್ಯಾಂಕಿಗೆ ಹೋಗಿ ಏನು ಕೇಳಬೇಕು

ನೋಟೀಸು ಬಂದ ಮನೆಯವರು ಮಾಡುವ ಮೊದಲ ಕೆಲಸ ಬ್ಯಾಂಕಿನ ರಸ್ತೆ ತಪ್ಪಿಸಿ ಓಡಾಡುವುದು. ಮ್ಯಾನೇಜರ್ ಎದುರು ಬಂದರೆ ಓಣಿ ಹೊಕ್ಕುತ್ತಾರೆ. ಮರ್ಯಾದೆಯ ಪ್ರಶ್ನೆ, ಅರ್ಥವಾಗ್ತದೆ. ಆದರೆ ಆ ಮ್ಯಾನೇಜರಿಗೂ ನಿಮ್ಮ ಮನೆ ಬೇಕಾಗಿಲ್ಲ. ಹಳ್ಳಿಯ ಮನೆ ಲಿಲಾವಿಗೆ ಹಾಕಿದರೆ ಕೂಗುವವರು ಸಿಗುವುದು ಕಷ್ಟ ಅಂತ ಅವರಿಗೂ ಗೊತ್ತು.

ಮೊದಲು ಸಾಲದ ಪೂರ್ತಿ ಲೆಕ್ಕ ಕೇಳಿ. ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು, ವಕೀಲರ ಖರ್ಚು ಅಂತ ಎಷ್ಟು ಹಾಕಿದ್ದಾರೆ, ಇನ್ಶೂರೆನ್ಸ್ ಅಂತ ಎಷ್ಟು ಮುರಿದಿದ್ದಾರೆ. ಮನೆಯಲ್ಲಿ ಓದುವ ಹುಡುಗರಿದ್ದರೆ ಅವರ ಕೈಯಲ್ಲಿ ಕೂಡಿಸಿ ನೋಡಿ. ಕಟ್ಟಿದ ರಸೀದಿ ಲೆಕ್ಕಕ್ಕೆ ಬಂದಿದೆಯೋ ಇಲ್ಲವೋ ತಾಳೆ ಹಾಕಿ. ಫೈನಾನ್ಸಿನವರ ಹುಡುಗರ ಕೈಗೆ ರೊಕ್ಕ ಕೊಟ್ಟವರಂತೂ ಇದನ್ನು ತಪ್ಪದೆ ಮಾಡಬೇಕು.

ಎರಡನೆಯದು, ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಅಂತ ಕೇಳುವುದು. 5 ಲಕ್ಷ ರೂಪಾಯಿಗೆ ನೂರಕ್ಕೆ 10ರ ಬಡ್ಡಿಯಲ್ಲಿ 10 ವರ್ಷದ ಕಂತು ತಿಂಗಳಿಗೆ ಸುಮಾರು 6,600. ಅದನ್ನೇ 15 ವರ್ಷಕ್ಕೆ ಮಾಡಿದರೆ ಸುಮಾರು 5,370. ಒಟ್ಟು ಬಡ್ಡಿ ಹೆಚ್ಚಾಗ್ತದೆ ನಿಜ, ಆದರೆ ಮನೆ ಉಳಿಸುವ ಹೊತ್ತಿನಲ್ಲಿ ತಿಂಗಳಿಗೆ ಸಾವಿರದ ಮೇಲೆ ಉಳಿಯುವುದು ಸಣ್ಣದಲ್ಲ. ಗ್ರಾಮೀಣ ಮನೆ ಸಾಲಕ್ಕೆ ತಿಂಗಳ ಬದಲು ಆರು ತಿಂಗಳಿಗೆ ಅಥವಾ ಸುಗ್ಗಿಗೆ ಕಂತು ಹಾಕಿಕೊಡುವ ಬ್ಯಾಂಕುಗಳೂ ಇವೆ. ಸಾಲ ತೆಗೆಯುವ ದಿನವೇ ಇದನ್ನು ಕೇಳಿದರೆ ಒಳ್ಳೆಯದು, ಎನ್‌ಪಿಎ ಆಗುವ ಮುಂಚೆ ಕೇಳಿದರೂ ನಡೆದೀತು. ಎನ್‌ಪಿಎ ಆದ ಮೇಲೆ ಒಂದೆರಡು ಕಂತು ಕಟ್ಟಿ "ಸರಿಯಾಯ್ತು" ಅಂತ ತಿಳೀಬಾರದು. ಬಾಕಿ ಪೂರ್ತಿ ಕಟ್ಟಿದರೆ ಮಾತ್ರ ಖಾತೆ ಸರಿಯಾಗುತ್ತದೆ ಅಂತ ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ಸ್ಪಷ್ಟ ಮಾಡಿದೆ. ಆದ್ದರಿಂದ ಮೊದಲ 90 ದಿನಗಳೇ ಬೆಲೆಯುಳ್ಳವು. ಕಂತು ತಪ್ಪುತ್ತದೆ ಅಂತ ಗೊತ್ತಾದ ತಿಂಗಳೇ ಹೋಗಿ ಹೇಳಿ.

ಅರ್ಜಿ ಉದ್ದ ಬೇಕಿಲ್ಲ. ನಮ್ಮ ಓಣಿಯವರಿಗೆ ನಾವು ಬರೆದುಕೊಟ್ಟದ್ದು ಹೀಗಿತ್ತು:

"ತಮ್ಮ ತಾರೀಖು ...ರ ನೋಟೀಸು ನನಗೆ ತಾರೀಖು ...ರಂದು ಮುಟ್ಟಿದೆ. ನನ್ನ ಸಾಲದ ಖಾತೆ ನಂಬರು ... . ಮಳೆ ಇಲ್ಲದೆ ಹಿಂಗಾರಿ ಬೆಳೆ ಕೈಗೆ ಬಾರದ್ದರಿಂದ ... ಕಂತು ಬಾಕಿ ಉಳಿದಿವೆ. ಸಾಲ ಮುಳುಗಿಸುವ ಉದ್ದೇಶ ನನಗೆ ಇಲ್ಲ. ಈ ದಿನ ರೂ. ... ಕಟ್ಟಿರುತ್ತೇನೆ. ... ತಿಂಗಳಲ್ಲಿ ಕಾಳು ಮಾರಿ ರೂ. ... ಕಟ್ಟುತ್ತೇನೆ. ಉಳಿದ ಸಾಲಕ್ಕೆ ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಿಕೊಡಬೇಕು. ನನ್ನ ಸಾಲದ ಪೂರ್ತಿ ಲೆಕ್ಕದ ಪ್ರತಿ ಕೊಡಬೇಕು. ತಮ್ಮ ಉತ್ತರ ಲಿಖಿತದಲ್ಲಿ ದಯಪಾಲಿಸಬೇಕು."

ಕಟ್ಟಲು ಆಗದ ಮೊತ್ತ ಬರೆಯಬೇಡಿ. ಎರಡು ಸಾವಿರ ಆಗ್ತದೆ ಅಂದರೆ ಎರಡೇ ಬರೀರಿ.

ಮೂರನೆಯದು ಒಟಿಎಸ್. ಅಂದರೆ ಒಂದೇ ಸಲಕ್ಕೆ ಇಷ್ಟು ಕಟ್ಟಿ ಸಾಲ ಮುಗಿಸುವ ಒಪ್ಪಂದ. ಸಾಮಾನ್ಯವಾಗಿ ಬಡ್ಡಿಯಲ್ಲಿ ಒಂದಿಷ್ಟು ಬಿಡುತ್ತಾರೆ. ಇದು ಬ್ಯಾಂಕಿನ ಇಷ್ಟ, ಸಾಲಗಾರ ಹಕ್ಕು ಅಂತ ಕೇಳಲು ಬರುವುದಿಲ್ಲ ಎಂದು 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಂತ ಕೇಳಲು ಅಡ್ಡಿಯಿಲ್ಲ. ಒಪ್ಪಿದರೆ ಮೊತ್ತ, ಕಟ್ಟುವ ಕೊನೆ ತಾರೀಖು, ಅದು ಕಟ್ಟಿದರೆ ಸಾಲ ಪೂರ್ತಿ ಮುಗಿಯಿತು ಎಂಬ ಮಾತು, ಮೂರೂ ಬ್ಯಾಂಕಿನ ಪತ್ರದಲ್ಲಿ ಇರಲೇಬೇಕು. ತಾರೀಖು ತಪ್ಪಿದರೆ ಒಪ್ಪಂದ ಮುರಿಯಬಹುದು, ಕಟ್ಟಿದ್ದನ್ನು ಸಾಲಕ್ಕೆ ಜಮಾ ಮಾಡಿಕೊಳ್ಳುತ್ತಾರೆ.

ಬಿಡಿಸಿಕೊಡುವವರು

ಈಗ ಆ ಇನ್ನೊಬ್ಬ ಮನುಷ್ಯನ ವಿಷಯ. ಕಬ್ಜಾ ನೋಟೀಸು ಪೇಪರಿನಲ್ಲಿ ಬರುತ್ತದೆ ಅಂದೆನಲ್ಲ, ನಿಮ್ಮ ಹೆಸರು ಊರು ಅದರಲ್ಲಿ ಇರ್ತದೆ. ಅದನ್ನು ನೋಡಿಯೇ ಇವರು ಹುಡುಕಿಕೊಂಡು ಬರುತ್ತಾರೆ. ಒಳ್ಳೇ ಅಂಗಿ, ಕೈಯಲ್ಲಿ ಫೈಲು, "ಕಾಕಾ", "ಅಕ್ಕಾರ" ಅಂತ ಬಾಯಿ ತುಂಬ ಮಾತು.

ಒಬ್ಬನು ಬ್ಯಾಂಕಿನ ಮೇಲಿನ ಸಾಹೇಬರು ಗೊತ್ತು, ಒಟಿಎಸ್ ಮಾಡಿಸ್ತೀನಿ ಅನ್ನುತ್ತಾನೆ. ಮುಂಗಡ ಇಷ್ಟು ಕೊಡಿ, ಖರ್ಚಿಗೆ. ಮೇಲೆ ಹೇಳಿದ ಅರ್ಜಿಗೆ ಒಂದು ಹಾಳೆ ಕಾಗದ ಸಾಕು, ದಲಾಲಿ ಬೇಕಿಲ್ಲ. ಇವನು ಮುಂಗಡ ತಗೊಂಡು ಮೂರು ತಿಂಗಳು "ಇವತ್ತು ನಾಳೆ" ಅಂತಾನೆ. ಆ ಮೂರು ತಿಂಗಳೇ ನಿಮ್ಮ ಕೈಯಲ್ಲಿದ್ದ ಆಸ್ತಿ. ಇವರಲ್ಲಿ ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಬ್ಯಾಂಕಿಗೆ ಕಂತು ಕಟ್ಟಬೇಡ್ರಿ, ಅವರ ಫೋನು ಎತ್ತಬೇಡ್ರಿ, ಎಲ್ಲಾ ನಾ ಮಾತಾಡ್ತೀನಿ" ಅಂತಾರೆ. ಬ್ಯಾಂಕಿನ ಜೊತೆ ಮಾತು ಬಿಡಿಸುವವನನ್ನು ಆ ಕ್ಷಣವೇ ಬಾಗಿಲಾಚೆ ಕಳಿಸಿ.

ಇನ್ನೊಬ್ಬನು ಸಾಲ ಮನ್ನಾದ ಸರ್ಟಿಫಿಕೇಟು ಮಾರುತ್ತಾನೆ. ಫೀ ತಗೊಂಡು "ನಿಮ್ಮ ಸಾಲ ಮನ್ನಾ ಆಗಿದೆ" ಅಂತ ಸಿಕ್ಕಾ ಹೊಡೆದ ಕಾಗದ ಕೊಡುತ್ತಾನೆ. ಅಂಥ ಕಾಗದ ಕೊಡುವ ಅಧಿಕಾರ ಅವರಿಗಿಲ್ಲ, ಮೋಸ ಹೋಗಬೇಡಿ ಅಂತ ರಿಸರ್ವ್ ಬ್ಯಾಂಕೇ 2023ರ ಡಿಸೆಂಬರ್ 11ರಂದು ಪ್ರಕಟಣೆ ಹೊರಡಿಸಿತು. ನಮ್ಮಲ್ಲಿ ನಿಜವಾದ ಮನ್ನಾಗಳೂ ಆಗಿವೆ, 1990ರದು, 2008ರದು, ರಾಜ್ಯದ 2018ರದು. ಅದಕ್ಕೇ ಜನ ನಂಬುತ್ತಾರೆ. ಆದರೆ ಅವು ಕೃಷಿ ಸಾಲಕ್ಕೆ ಸರ್ಕಾರ ಮಾಡಿದ್ದು. ಮನೆ ಸಾಲಕ್ಕೂ ಅವಕ್ಕೂ ಸಂಬಂಧ ಇಲ್ಲ.

ಮೂರನೆಯವನು ಎಲ್ಲರಿಗಿಂತ ಅಪಾಯ, ಯಾಕೆಂದರೆ ಅವನು ಖರೇವೇ ರೊಕ್ಕ ಹಾಕುತ್ತಾನೆ. ಬ್ಯಾಂಕಿನ ಐದು ಲಕ್ಷ ತಾನೇ ಕಟ್ಟಿ ಕಾಗದ ಬಿಡಿಸುತ್ತಾನೆ. ಅದಕ್ಕೆ ಬದಲು ಮನೆಯ ಖರೇದಿ ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತಾನೆ. "ಬರೀ ಭದ್ರತೆಗೆ ಕಾಕಾ, ನೀವು ರೊಕ್ಕ ಕೊಟ್ಟ ದಿನ ವಾಪಸ್ ಬರೆದು ಕೊಡ್ತೀನಿ." ಹದಿನಾಲ್ಕು ಲಕ್ಷದ ಮನೆ, ಐದು ಲಕ್ಷಕ್ಕೆ ಅವನ ಹೆಸರಿಗೆ. ಮೇಲೆ ನೂರಕ್ಕೆ 3 ರೂಪಾಯಿ ತಿಂಗಳ ಬಡ್ಡಿ. ಲೆಕ್ಕ ಹಾಕಿ, ಐದು ಲಕ್ಷಕ್ಕೆ ತಿಂಗಳಿಗೆ 15,000, ವರ್ಷಕ್ಕೆ 1,80,000. ಬ್ಯಾಂಕಿನಲ್ಲಿ ನೂರಕ್ಕೆ 10 ಅಂದರೆ ವರ್ಷಕ್ಕೆ 50,000ದ ಸುಮಾರು. ಬ್ಯಾಂಕಿನ ಐವತ್ತು ಸಾವಿರ ಕಟ್ಟಲಾರದೆ ಸೋತವನು ಇವನ ಒಂದು ಲಕ್ಷ ಎಂಬತ್ತು ಸಾವಿರ ಎಲ್ಲಿಂದ ಕಟ್ಟಬೇಕು? ಕಟ್ಟುವುದಿಲ್ಲ ಅಂತ ಅವನಿಗೆ ಗೊತ್ತಿದ್ದೇ ಕೊಟ್ಟಿರ್ತಾನೆ.

ಇದರಲ್ಲಿ ಕಾನೂನು ಏನು ಹೇಳುತ್ತದೆ ಅಂತ ಬಿಡಿಸಿ ತಿಳಿಯಬೇಕು. ಒತ್ತಿ ಅಥವಾ ಅಡವು ಬರೆದುಕೊಟ್ಟರೆ ಮಾಲಿಕತ್ವ ನಿಮ್ಮದೇ, ಸಾಲ ಕೊಟ್ಟು ಬಿಡಿಸಿಕೊಳ್ಳುವ ಹಕ್ಕು ನಿಮ್ಮದೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 60ನೇ ಕಲಮು ಆ ಹಕ್ಕು ಕೊಡುತ್ತದೆ. ಖರೇದಿ ಅಂದರೆ ಮಾಲಿಕತ್ವವೇ ಹೋಯಿತು. ವಾಪಸ್ ಕೊಡುವ ಷರತ್ತು ಇದ್ದರೆ ಅದನ್ನು ಷರತ್ತಿನ ಮೇಲಿನ ಅಡವು ಅಂತ ಕೋರ್ಟು ಎಣಿಸಬಹುದು, ಆದರೆ ಆ ಷರತ್ತು ಅದೇ ಖರೇದಿ ಪತ್ರದೊಳಗೆ ಬರೆದಿರಬೇಕು. ಇದು ಅದೇ ಕಾಯ್ದೆಯ 58ನೇ ಕಲಮಿನ ಮಾತು. ಬೇರೆ ಬಾಂಡಿನ ಮೇಲೆ ಬರೆದದ್ದು ಅದನ್ನು ಅಡವು ಮಾಡುವುದಿಲ್ಲ. ಬಾಯಿಮಾತಿನ ವಚನ ರಜಿಸ್ಟರ್ ಆದ ಕಾಗದದ ಮುಂದೆ ನಿಲ್ಲುವುದು ಬಹಳ ಕಷ್ಟ. ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆಸಿಕೊಂಡು, ಹೆಬ್ಬೆಟ್ಟು ಒತ್ತಿ ಬಂದ ಮೇಲೆ "ನನಗೆ ಗೊತ್ತಿರಲಿಲ್ಲ" ಅಂದರೆ ಯಾರು ಕೇಳ್ತಾರೆ? ವಟಮುಖತ್ಯಾರ ಪತ್ರವೂ ಅಷ್ಟೇ. ಅದನ್ನು ಹಿಡಿದು ಅವನು ನಿಮ್ಮ ಪರವಾಗಿ ಇನ್ನೊಬ್ಬನಿಗೆ ಖರೇದಿ ಮಾಡಿಕೊಡಬಹುದು. ಖಾಲಿ ಚೆಕ್ಕು, ಖಾಲಿ ಬಾಂಡು, ಮೊಬೈಲಿಗೆ ಬರುವ ಓಟಿಪಿ, ಇವೂ ಸಹಿಯೇ.

ಖಾಸಗಿಯವರ ಕಡೆ ಹೋಗಲೇಬೇಕಾಗಿ ಬಂದರೆ ಅಡವಿನ ಪತ್ರವನ್ನೇ ಬರೆಸಿ, ರಜಿಸ್ಟರ್ ಮಾಡಿಸಿ, ಬಡ್ಡಿ ದರ ಅದರಲ್ಲೇ ಇರಲಿ. ಅವರ ಹತ್ತಿರ ಲೇವಾದೇವಿ ಲೈಸೆನ್ಸು ಇದೆಯೋ ಕೇಳಿ. "ಖರೇದಿ ಆದ್ರ ಮಾತ್ರ ಕೊಡ್ತೀನಿ" ಅಂದವನಿಗೆ ಬೇಕಾಗಿರುವುದು ಬಡ್ಡಿಯಲ್ಲ, ಮನೆ. ಸಹಿ ಮಾಡುವ ಮುಂಚೆ ಮನೆಯಾಕೆಗೂ ಓದಿ ಹೇಳಿ. ಗಂಡಸರು ಸಂಕೋಚಕ್ಕೆ ಬಿದ್ದು ಕೇಳದ ಪ್ರಶ್ನೆಯನ್ನು ಅವರು ಕೇಳುವುದನ್ನು ನಾನು ನೋಡಿದ್ದೇನೆ.

ಮಾರಲೇಬೇಕಾದರೆ

ಎಷ್ಟು ಲೆಕ್ಕ ಹಾಕಿದರೂ ಸಾಲ ಹೊರಲು ಆಗದು ಅಂತ ಕಂಡರೆ, ಲಿಲಾವಿಗೆ ಬಿಡುವ ಬದಲು ತಾವೇ ಗಿರಾಕಿ ಹುಡುಕಿ ಮಾರುವುದು ಮೇಲು. 13(2) ನೋಟೀಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರಲು ಬರುವುದಿಲ್ಲ. ಒಪ್ಪಿಗೆ ಕೇಳಿ ಪಡೆಯಿರಿ, ಗಿರಾಕಿ ಬ್ಯಾಂಕಿಗೆ ನೇರ ಕಟ್ಟಲಿ, ಮಿಕ್ಕದ್ದು ನಿಮಗೆ. ಲಿಲಾವಾದರೂ ಸಾಲ, ಖರ್ಚು ಹೋಗಿ ಮಿಕ್ಕ ಹಣ ನಿಮಗೇ ಸೇರಬೇಕು. ಬಹಳ ಜನ ಇದನ್ನು ಕೇಳುವುದೇ ಇಲ್ಲ.

ಬಿಟ್ಟಿ ಸಹಾಯ ಎಲ್ಲಿದೆ

ತಾಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ, ಉಳಿದವರಿಗೆ ಆದಾಯ ಕಡಿಮೆಯಿದ್ದರೆ, ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಫೋನ್ ನಂಬರು 15100. ಮನೆ ಸಾಲದಲ್ಲಿ ಹೆಂಡತಿಯದೂ ಸಹಿ ಇದ್ದರೆ ಅವರ ಹೆಸರಲ್ಲೇ ಅರ್ಜಿ ಕೊಡಿ. ಅಲ್ಲಿಂದ ಲೋಕ್ ಅದಾಲತ್‌ಗೂ ಹಾಕಿಸಬಹುದು, ಕೋರ್ಟು ಫೀ ಇಲ್ಲ. ನಮ್ಮ ಓಣಿಯ ಒಂದು ಸಾಲ ಅಲ್ಲಿಯೇ ತೀರ್ಮಾನ ಆಯ್ತು. ಆದರೆ ಅಲ್ಲಿ ಒಪ್ಪಿ ಸಹಿ ಮಾಡಿದ್ದು ಡಿಕ್ರಿಗೆ ಸಮ, ಮೇಲೆ ಅಪೀಲು ಇಲ್ಲ. ಸಾಹೇಬರ ಮುಂದೆ ಕೂತಾಗ ಉಮೇದಿಗೆ ಬಿದ್ದು ದೊಡ್ಡ ಕಂತು ಒಪ್ಪಬೇಡಿ.

ಬ್ಯಾಂಕು ಅಥವಾ ಫೈನಾನ್ಸಿನ ಮೇಲೆ ದೂರು ಇದ್ದರೆ ಮೊದಲು ಅವರಿಗೇ ಬರೆದು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ವಿಚಾರಿಸಲು ನಂಬರು 14448. ಸಹಕಾರಿ ಸಂಘದ್ದಾದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿ. ಬ್ಯಾಂಕು, ಫೈನಾನ್ಸಿನ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನು ಮಾಡಿ ಕಾಡಬಾರದು ಅಂತ 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ಹೇಳಿದೆ. ರಾತ್ರಿ ಬಂದು ಕಟ್ಟೆ ಮೇಲೆ ಕೂತರೆ ತಾರೀಖು, ಹೊತ್ತು, ಬಂದವನ ಹೆಸರು ಬರೆದಿಟ್ಟುಕೊಳ್ಳಿ, ದೂರಿಗೆ ಬೇಕಾಗ್ತದೆ.

ಸಾಲ ತೀರಿದ ಮೇಲೆ ಕೆಲಸ ಮುಗಿಯಿತು ಅಂತ ಮನೆಗೆ ಬಂದು ಮಲಗಬೇಡಿ. ಬೇಬಾಕಿ ಪತ್ರ ತಗೊಳ್ಳಿ. ಅಸಲಿ ಕಾಗದಗಳನ್ನು ಬ್ಯಾಂಕು 30 ದಿನದೊಳಗೆ ವಾಪಸ್ ಕೊಡಬೇಕು, ತನ್ನ ತಪ್ಪಿನಿಂದ ತಡಮಾಡಿದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕೊಡಬೇಕು. ಈ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಕಾಗದ ಎಣಿಸಿ ತಗೊಳ್ಳಿ, ಇಟ್ಟ ದಿನದ ಪಟ್ಟಿಯ ಜೊತೆ ತಾಳೆ ಹಾಕಿ. ಆಮೇಲೆ ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಅಡವಿನ ಬಿಡುಗಡೆ ಪತ್ರ ಮಾಡಿಸಿ, ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿ. ಹೊಲವನ್ನೂ ಜೊತೆಗೆ ಬರೆದುಕೊಟ್ಟಿದ್ದರೆ ಉತಾರದ 11ನೇ ಕಾಲಮಿನಲ್ಲಿ ಬೋಜಾ ಹಾಗೇ ಉಳಿದಿರ್ತದೆ, ಬೇಬಾಕಿ ಪತ್ರ ಕೊಟ್ಟು ಅದನ್ನೂ ಕಡಿಮೆ ಮಾಡಿಸಿ ಹೊಸ ಉತಾರ ತಗೊಂಡು ಬನ್ನಿ.